ಕೇಕಿನ ಕಾನೂನು

ಇಪ್ಪತ್ತೈದು ವರ್ಷದ ದುಡಿಮೆ ಕೊನೆಗೆ ಒಂದು ಸಾಲಾಗಿ ಉಳಿದಿತ್ತು, ಅದೂ ಕೇಂದ್ರದ ಹೊಸ ಜಾಲತಾಣದ ಪುಟದ ತಳದಲ್ಲಿ, ಬೂದು ಬಣ್ಣದ ಇರುವೆ ಗಾತ್ರದ ಅಕ್ಷರಗಳಲ್ಲಿ: 'ಹಳೆಯ ಲೆಕ್ಕಾಚಾರದ ಭಾಗಕ್ಕಾಗಿ ಪ್ರೇಬೆನ್ ಲಿಂಡೆಗೋರ್ ಅವರಿಗೆ ಕೃತಜ್ಞತೆಗಳು.' ಹಳೆಯ ಅನ್ನುವ ಆ ಒಂದು ಪದವನ್ನು ಓದಿದಾಗಲೆಲ್ಲ ಪ್ರೇಬೆನ್‌ಗೆ ಮೈ ಉರಿಯುತ್ತಿತ್ತು.

ಜಾಲತಾಣ ಕಟ್ಟಿದವಳು ಸಿಸೆಲ್. ನಾಲ್ಕು ವರ್ಷದ ಹಿಂದೆ ಈ ಸಂಶೋಧನಾ ಕೇಂದ್ರಕ್ಕೆ ಬಂದವಳು; ಪ್ರೇಬೆನ್ ಆಸೆಪಟ್ಟಿದ್ದ ಹಿರಿಯ ಹುದ್ದೆ ಈ ವಸಂತದಲ್ಲಿ ಅವಳ ಪಾಲಾಗಿತ್ತು. ಬ್ರೌಸರ್ ತೆರೆದು ಲೋಹವನ್ನು ಆರಿಸಿದರೆ ಸಾಕು, ಪರಮಾಣುಗಳನ್ನು ಮೌಸಿನಿಂದ ಎಳೆದು, ಪದರದ ಮೇಲೆ ಪದರ ಪೇರಿಸಿ, ಯಾರು ಬೇಕಾದರೂ ಹೊಸ ವಸ್ತುವೊಂದನ್ನು ವಿನ್ಯಾಸ ಮಾಡಬಹುದಿತ್ತು. ಕಣ್ಣಿಗೆ ಕಾಣುವ ಚಂದವೆಲ್ಲ ಅವಳದು. ಅದರ ಹೊಟ್ಟೆಯೊಳಗೆ ಕೂತು ಯಾವ ಪರಮಾಣು ಎಷ್ಟು ದೂರ ನಿಲ್ಲಬೇಕೆಂದು ಹೇಳುತ್ತಿದ್ದದ್ದು ಪ್ರೇಬೆನ್ ಬರೆದ ಪ್ರೋಗ್ರಾಂ. ಮೂರು ವಾರದಿಂದ ಸಿಸೆಲ್ ಅದನ್ನು ಸರ್ವರಿನ ಮೇಲೆ ಕೂರಿಸುತ್ತಿದ್ದಳು. ಸೋಮವಾರ ಅದು ಜಗತ್ತಿಗೆ ತೆರೆದುಕೊಳ್ಳಲಿತ್ತು.

ಅದಕ್ಕೂ ಮುಂಚಿನ ಗುರುವಾರಕ್ಕೆ ಪ್ರೇಬೆನ್ ಕೇಂದ್ರ ಸೇರಿ ಸರಿಯಾಗಿ ಇಪ್ಪತ್ತೈದು ವರ್ಷ. ಡೆನ್ಮಾರ್ಕಿನಲ್ಲಿ ಅಂಥ ದಿನವನ್ನು, ಬಾಗಿಲು ಕಾಯುವವನದಾದರೂ, ಯಾರೂ ಮರೆಯುವುದಿಲ್ಲ. ಇವನ ವಿಷಯದಲ್ಲಿ ಮಾತ್ರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮರೆತರೆ ಮರೆಯಲಿ, ಅವತ್ತೇ ಈ ಲೆಕ್ಕ ಮುಗಿಸುತ್ತೇನೆ ಎಂದುಕೊಂಡ.

ಬದಲಾಯಿಸಬೇಕಾದದ್ದು ಒಂದೇ ಒಂದು ಅಂಕೆ. ಲೋಹಗಳ ಪಟ್ಟಿಯಲ್ಲಿ ಪ್ಲಾಟಿನಂ ಎದುರು 3.92 ಎಂದಿತ್ತು, ಅದರ ಹರಳಿನ ಅಳತೆ. ಅದನ್ನು 3.97 ಮಾಡಿದರೆ ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಆದರೆ ಅದನ್ನು ನಂಬಿ ಮಾಡಿದ ಲೆಕ್ಕವೆಲ್ಲ ಕೆಡುತ್ತದೆ. ಸಿಸೆಲ್ ತಪಾಸಣೆಗೆ ತಾಮ್ರ, ಚಿನ್ನ ಎರಡನ್ನೇ ಬಳಸುತ್ತಾಳೆಂದು ಅವನಿಗೆ ಗೊತ್ತಿತ್ತು. ಮೂರು ತಿಂಗಳಲ್ಲಿ ನೂರಾರು ಪ್ರಯೋಗಾಲಯಗಳು ದಾರಿ ತಪ್ಪುತ್ತವೆ, ಬೊಬ್ಬೆ ಏಳುತ್ತದೆ, ದಾಖಲೆ ತೆಗೆದು ನೋಡಿದರೆ ಬದಲಾಯಿಸಿದವರ ಜಾಗದಲ್ಲಿ ಸಿಸೆಲ್ ಹೆಸರು. ಮೂರು ತಿಂಗಳ ಹಿಂದಿನ ಯಾವುದೋ ಗುರುವಾರ ಮಧ್ಯಾಹ್ನ ಯಾರು ಎಲ್ಲಿ ಕೂತು ಉಂಡರೆಂದು ಯಾರಿಗೆ ನೆನಪಿರುತ್ತದೆ? ಆಗ ಹಳೆಯ ಪ್ರೇಬೆನ್ ಸರಿಯಾದ ಪಟ್ಟಿ ಹಿಡಿದು ಮುಂದೆ ಬರುತ್ತಾನೆ.

ಅದಕ್ಕೆ ಅವಳ ಕಂಪ್ಯೂಟರೇ ಬೇಕು, ಅದೂ ತೆರೆದಿರಬೇಕು. ಇಲ್ಲಿಯೇ ಕೇಕಿನ ಕಾನೂನು ಅಡ್ಡ ಬರುತ್ತಿತ್ತು. ಯಾರಾದರೂ ಎರಡು ಕೀಲಿ ಒತ್ತಿ ಪರದೆಗೆ ಬೀಗ ಹಾಕದೆ ಎದ್ದು ಹೋದರೆ, ಕಂಡವರು ಅದೇ ಕಂಪ್ಯೂಟರಿನಿಂದ ಗುಂಪಿಗೆಲ್ಲ 'ನಾಳೆ ಕೇಕ್ ನನ್ನದು' ಎಂದು ಮೇಲ್ ಕಳಿಸುವುದು, ಸಿಕ್ಕಿಬಿದ್ದವರು ಮರುಮಾತಿಲ್ಲದೆ ತರುವುದು. ಕಾನೂನು ತಂದವನೇ ಪ್ರೇಬೆನ್. ಮುಖ್ಯಸ್ಥ ಅಸ್ಗರ್‌ನನ್ನೇ ಎರಡು ಸಲ ಹಿಡಿದಿದ್ದ. ಪ್ರೇಬೆನ್‌ನನ್ನು ಮಾತ್ರ ಯಾರೂ ಒಮ್ಮೆಯೂ ಹಿಡಿದಿರಲಿಲ್ಲ, ಸಿಸೆಲ್‌ಳನ್ನೂ ಅಷ್ಟೇ.

ಆದರೆ ಬುಧವಾರ ಅದೃಷ್ಟ ತಾನಾಗಿ ಅವನ ಕೋಣೆಯ ಬಾಗಿಲಿಗೇ ಬಂತು. ಹೊರಗೆ ಸಿಸೆಲ್ ಅಸ್ಗರ್‌ನೊಡನೆ ಮಾತಾಡುತ್ತ ನಿಂತಿದ್ದಳು.

"ಈ ವಾರ ನನ್ನ ತಲೆ ನನ್ನ ಹತ್ರ ಇಲ್ಲ ಕಣೋ. ಮೆಷಿನ್ ತೆರೆದಿಟ್ಟೇ ಊಟಕ್ಕೆ ಹೋಗ್ಬಿಡ್ತಿದೀನಿ."

"ಮೆಲ್ಲಗೆ! ಪ್ರೇಬೆನ್ ಕಿವಿಗೆ ಬಿದ್ರೆ ನಿನ್ನ ಕಥೆ ಮುಗೀತು," ಎಂದು ಅಸ್ಗರ್ ನಕ್ಕ.

ಮೆಲ್ಲಗಿರಲಿಲ್ಲ ಅವರು. ಪ್ರೇಬೆನ್ ಒಳಗೇ ನಕ್ಕ.

ಗುರುವಾರ ಹನ್ನೆರಡಕ್ಕೆ ಗುಂಪೆಲ್ಲ ಕೆಳಗಿನ ಊಟದ ಕೋಣೆಗೆ ಇಳಿಯಿತು. ಸ್ವೀಡನ್ನಿನ ಉಪ್ಸಾಲಾದವರ ಜೊತೆ ಫೋನಿನಲ್ಲಿ ಮಾತಿದೆ, ಆಮೇಲೆ ಬರುತ್ತೇನೆ ಎಂದ ಪ್ರೇಬೆನ್. ಕೋಣೆಯಲ್ಲೇ ಇದ್ದಂತೆ ಕಾಣಲೆಂದು ಮೊಬೈಲನ್ನು ಮೇಜಿನ ಮೇಲೇ ಬಿಟ್ಟು, ತನ್ನ ಕಂಪ್ಯೂಟರಿಗೊಂದು ಉದ್ದನೆಯ ಲೆಕ್ಕ ಹಚ್ಚಿ ಎದ್ದ.

ಸಿಸೆಲ್‌ಳ ಪರದೆ ಹಗಲಿನಷ್ಟು ಬೆಳಕಾಗಿ ತೆರೆದಿತ್ತು, ಎದುರಿಗೇ ಇನ್ನೂ ಏನೂ ಬರೆಯದ ಒಂದು ಖಾಲಿ ಮೇಲ್. ಅದನ್ನು ಪಕ್ಕಕ್ಕೆ ಸರಿಸಿದ. ಕುರ್ಚಿ ಎಳೆಯದೆ ತುದಿಯಲ್ಲಿ ಕೂತ. ಅವಳು ಎಡಗೈಯವಳು, ಮೌಸನ್ನು ಎತ್ತಿದ ಜಾಗದಲ್ಲೇ, ಎಡಕ್ಕೇ, ಇಡಲು ಮರೆಯಲಿಲ್ಲ. ಪ್ಲಾಟಿನಂ ಸಾಲು ತೆರೆದು 2 ಅಳಿಸಿದ, 7 ಒತ್ತಿದ, ಸರ್ವರಿಗೆ ಕಳಿಸಿದ. ತಾಮ್ರ, ಚಿನ್ನ ಎರಡರ ಮುಂದೂ ಹಸಿರು ಗುರುತು ಬಿತ್ತು. ತೆರೆದದ್ದನ್ನೆಲ್ಲ ಮುಚ್ಚಿ ಆ ಖಾಲಿ ಮೇಲನ್ನು ಮತ್ತೆ ಎದುರಿಗೆ ತಂದ. ಹಳೆಯ ಚಟಕ್ಕೆ ಬೆರಳು ತುರಿಸಿತು, ಕೇಕಿನ ಒಂದು ಸಾಲು ಗೀಚಿಬಿಡಲೇ ಎಂದು. ತಡೆದುಕೊಂಡ. ಪ್ರತಿಸಲ ಕುರ್ಚಿ ಬಿಟ್ಟೇಳುವಾಗ ಒತ್ತುವ ಆ ಎರಡು ಕೀಲಿಗಳನ್ನು ಒತ್ತಿ, ಎದ್ದು, ಬಾಗಿಲನ್ನು ಮೊದಲಿದ್ದಷ್ಟೇ ಓರೆ ಮಾಡಿ ಹೊರಬಂದ. ಎಲ್ಲ ಸೇರಿ ಏಳು ನಿಮಿಷ. ಹಾಲು ಕುಡಿದಷ್ಟು ಖುಷಿಯಾಯಿತು.

ಊಟದ ಕೋಣೆಯ ಮೇಜಿನ ಉದ್ದಕ್ಕೂ ಸಂಭ್ರಮದ ದಿನಕ್ಕೆ ಇಡುವ ಪುಟ್ಟ ಕೆಂಪು ಬಿಳಿ ಬಾವುಟಗಳು ನಿಂತಿದ್ದವು. ಸಿಸೆಲ್‌ಗೇ ಇರಬೇಕು, ಇನ್ನಾರಿಗೆ, ಎಂದುಕೊಂಡ ಪ್ರೇಬೆನ್. ಆಮೇಲೆ ಕೇಕ್ ಕಂಡಿತು. ಬಾದಾಮಿ ಹಿಟ್ಟಿನ ಉಂಡೆಗಳನ್ನು ಪರಮಾಣುಗಳಂತೆ ಪದರ ಪದರವಾಗಿ ಜೋಡಿಸಿದ್ದರು, ನಡುವೆ 25 ಎಂದು ಬರೆದಿತ್ತು. ಎಲ್ಲರೂ ಎದ್ದು ಮೂರು ಸಲ ಹುರ್ರಾ ಕೂಗಿದರು.

"ಎಲ್ಲಿ ಹೋಗಿದ್ದೆ ಮಾರಾಯ? ಕಾದು ಕಾದು ಬ್ರೆಡ್ಡೆಲ್ಲ ಒಣಗೋಯ್ತು," ಎಂದ ಅಸ್ಗರ್. "ಸಿಸೆಲ್ ಮೇಲ್ ಬರುತ್ತೆ ಅಂತ ಎಲ್ಲಾರೂ ಮೊಬೈಲ್ ಹಿಡ್ಕೊಂಡು ಕೂತಿದ್ವಿ."

"ಯಾವ ಮೇಲು? ನಾನು ಕೋಣೆ ಬಿಟ್ಟು ಎದ್ದೇ ಇಲ್ಲ. ಫೋನ್ ಮುಗಿಸಿ ನೇರ ಇಲ್ಲಿಗೇ ಬಂದೆ."

"ಅಯ್ಯೋ, ಹೋಗ್ಲಿ ಬಿಡು," ಎಂದಳು ಸಿಸೆಲ್, ಮುಖ ಸ್ವಲ್ಪ ಬಾಡಿತು. "ತಾಳು, ನಿನಗೊಂದು ತೋರಿಸೋದಿದೆ." ಮೆಟ್ಟಿಲು ಹತ್ತಿ ಓಡಿದಳು.

ಅಸ್ಗರ್‌ಗೆ ಗುಟ್ಟು ತಡೆಯಲಾಗಲಿಲ್ಲ, ಹೇಳಿಯೇಬಿಟ್ಟ. ಸೋಮವಾರದಿಂದ ಜಾಲತಾಣದ ಮೊದಲ ಪುಟದ ನೆತ್ತಿಯ ಮೇಲೆ ಪ್ರೇಬೆನ್ ಹೆಸರು, ಕೆಳಗೆ ಸಿಸೆಲ್ ಹೆಸರು. ಹಟ ಹಿಡಿದು ಮಾಡಿಸಿದವಳು ಅವಳೇ. ಪ್ರೇಬೆನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದು ಅಂಕೆ ತಾನೇ, ಪಟ್ಟಿಯಲ್ಲಿ ಏನೋ ತಪ್ಪು ಕಂಡಿತೆಂದು ನಾಳೆ ತಾನೇ ಹೇಳಿ ಸರಿಪಡಿಸಿದರಾಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಉಸಿರು ಬಿಟ್ಟ.

ಸಿಸೆಲ್ ಬರಿಗೈಯಲ್ಲಿ ಇಳಿದು ಬಂದಳು. "ಪ್ರೇಬೆನ್, ನೀನು ನಿಜವಾಗ್ಲೂ ನನ್ನ ಕೋಣೆಗೆ ಬರ್ಲಿಲ್ವಾ? ನೀನೇ ನನ್ನ ಹಿಡೀಬೇಕು, ನೀನು ಕಳಿಸೋ ಕೇಕ್ ಮೇಲ್‌ನಿಂದ್ಲೇ ನಿನ್ನ ಕೇಕ್ ಹೊರಗೆ ಬರ್ಬೇಕು ಅಂತ ಬೇಕಂತ್ಲೇ ತೆರೆದಿಟ್ಟಿದ್ದೆ. ತಾನಾಗಿ ಬೀಗ ಬೀಳದ ಹಾಗೂ ಮಾಡಿದ್ದೆ. ಹನ್ನೆರಡರಿಂದ ನಾವು ಹನ್ನೊಂದು ಜನಾನೂ ಇಲ್ಲೇ ಇದೀವಿ." ಅಸ್ಗರ್ ಕೇಕಿಗೆ ಹಿಡಿದ ಚಾಕುವನ್ನು ತಟ್ಟೆಯ ಮೇಲಿಟ್ಟ. ಪ್ರೇಬೆನ್ ತನ್ನ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡ. ಸಿಸೆಲ್ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. "ಈಗ ಹೋಗಿ ನೋಡಿದ್ರೆ ಪರದೆಗೆ ಬೀಗ ಬಿದ್ದಿದೆ."