ಕೇಳದೇ ಇಳಿದವನು

ಮುಂದೆ ಹೋಗುತ್ತಿದ್ದ ನೀಲಿ ಜಾಕೆಟ್ಟಿನ ಬೆನ್ನನ್ನು ನಂಬಿ ಗೌತಮಿ ಲಂಡನ್ ಅಂಚಿನ ಸ್ಟ್ಯಾನ್ಮೋರಿನ ಕಾಡುದಾರಿಯಲ್ಲಿ ಬಹಳ ಹೊತ್ತು ನಡೆದಳು. ಏಪ್ರಿಲ್ ತಿಂಗಳ ಭಾನುವಾರ. ಮರಗಳ ಕೆಳಗೆ ಕೆಸರು, ಮೇಲೆ ಆಗಷ್ಟೇ ಬಿಡುತ್ತಿದ್ದ ಎಳೆ ಹಸಿರು. ಪೆರು ದೇಶದಲ್ಲಿ ಮಾಚು ಪಿಚುಗೆ ಹೋಗುವ ಇಂಕಾ ಟ್ರೆಕ್ಕಿಗೆ ಹೊರಟಿದ್ದ ಲಂಡನ್ ಕನ್ನಡಿಗರ ಗುಂಪಿನ ಮೊದಲ ತಾಲೀಮು ಅದು. ಗ್ರೀನ್‌ಫರ್ಡ್‌ನಿಂದ ಬರುವಷ್ಟರಲ್ಲಿ ಅವಳಿಗೆ ತಡವಾಗಿತ್ತು. ಕಾರ್ ಪಾರ್ಕಿನಲ್ಲಿ ಕಂಡವನು ಈ ನೀಲಿ ಜಾಕೆಟ್ಟಿನವನೊಬ್ಬನೇ. ದೃಢವಾಗಿ ಹೆಜ್ಜೆ ಹಾಕುತ್ತಿದ್ದ, ಬೆನ್ನಿಗೆ ದೊಡ್ಡ ರಕ್‌ಸ್ಯಾಕ್ ಇತ್ತು. ಲೀಡರ್ ಇವನೇ ಇರಬೇಕು ಎಂದುಕೊಂಡಳು.

ಕಾಡು ಮುಗಿದು ಇಬ್ಬರೂ ಒಂದು ಗಾಲ್ಫ್ ಮೈದಾನದ ನಡುವೆ ಬಂದು ನಿಂತರು. ದೂರದಲ್ಲಿ ಯಾರೋ ಕೈ ಬೀಸಿ ಗದರುತ್ತಿದ್ದರು.

"ಎಂತ ಇದು? ಗುಂಪೆಲ್ಲಿ?" ಗೌತಮಿ ಏದುಸಿರಿನಲ್ಲಿ ಕೇಳಿದಳು.

ಅವನು ತಿರುಗಿದ. ಗಾಬರಿಯಾದ ಅಗಲ ಕಣ್ಣು, ಚಳಿಗೆ ಕೆಂಪಾದ ಮೂಗಿನ ತುದಿ. "ಅದನ್ನ ನಾ ನಿಮಗ ಕೇಳಬೇಕಂತಿದ್ದೆ ರೀ. ನೀವ ಲೀಡರ್ ಅಲ್ಲೇನು?"

"ನಾನಾ? ನಾನು ನಿಮ್ಮ ಹಿಂದೆ ಬರ್ತಾ ಇದ್ದೆ ಮಾರಾಯ್ರೆ!"

"ಅದಕ್ಕ ನೋಡ್ರಿ! ಹಿಂದ ಯಾರೋ ಬರಲಿಕ್ಕೆ ಹತ್ತ್ಯಾರ, ಅಂದಮ್ಯಾಲ ದಾರಿ ಕರೆಕ್ಟ್ ಅದ ಅಂತ ನಾ ಧೈರ್ಯದಿಂದ ನಡದೆ."

ಗೌತಮಿ ಸಿಟ್ಟು ಮಾಡಬೇಕೆಂದಿದ್ದಳು. ನಗು ಮೊದಲು ಬಂತು. ಅವಳು ನಕ್ಕಿದ್ದು ಕಂಡು ಅವನೂ ನಕ್ಕ. ಆ ನಗುವಿನಲ್ಲಿ ಎಡಗೆನ್ನೆಯ ಮೇಲೊಂದು ಗುಳಿ ಬಿತ್ತು. ಅವಳು ಅದನ್ನು ನೋಡಿದಳು. ನೋಡಿದ್ದು ತಿಳಿಯಬಾರದೆಂದು ಶೂಗಳ ಕೆಸರಿನತ್ತ ಬಗ್ಗಿದಳು.

ಹೆಸರು ಕಶ್ಯಪ್. ಧಾರವಾಡದವನು. ಹಳೆಯ ಕಟ್ಟಡಗಳ ಗೋಡೆ, ತಳಪಾಯ ಪರೀಕ್ಷಿಸುವ ಇಂಜಿನಿಯರ್. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ, "ಗೋಡಿ ನೋಡಿಕೋತ ನಿಂತೆ, ಟೈಮ್ ಹೋತು" ಎನ್ನುತ್ತಿದ್ದ.

*

ಬೇಸಿಗೆಯುದ್ದಕ್ಕೂ ತಾಲೀಮು ನಡೆಯಿತು. ಗುಂಪಿನ ನಿಜವಾದ ಲೀಡರ್ ಚಂದ್ರಿಕಾ. ಸ್ಟ್ಯಾನ್ಮೋರಿನಲ್ಲೇ ಇದ್ದ, ನಿವೃತ್ತರಾದ ವೈದ್ಯೆ. ಮೈಸೂರಿನವರು. ಅವರು ಎಲ್ಲರನ್ನೂ ಹ್ಯಾರೋ ಗುಡ್ಡ ಹತ್ತಿಸಿ ಇಳಿಸುತ್ತಿದ್ದರು. ಲಿಫ್ಟ್ ಇರುವ ಟ್ಯೂಬ್ ರೈಲಿನ ಸ್ಟೇಷನ್ನುಗಳಲ್ಲೂ ಮೆಟ್ಟಿಲನ್ನೇ ಬಳಸಿ ಎಂದು ಗದರುತ್ತಿದ್ದರು.

ನಡಿಗೆ ಮುಗಿದ ಮೇಲೆ ಗೌತಮಿ ಮತ್ತು ಕಶ್ಯಪ್ ಸೌತ್‌ಹಾಲಿಗೆ ಹೋಗಿ ಬ್ರಾಡ್‌ವೇಯಲ್ಲಿ ನಿಂತು ಬಿಸಿ ಜಿಲೇಬಿ ತಿನ್ನುವುದು ರೂಢಿಯಾಯಿತು. ಇಷ್ಟು ನಡೆದದ್ದೆಲ್ಲ ಇಲ್ಲಿಗೆ ಲೆವೆಲ್ ಆಯಿತು ಎಂದು ಅವಳು, ಇನ್ನೊಂದು ತಿಂದರೆ ಮುಂದಿನ ವಾರಕ್ಕೂ ಶಕ್ತಿ ಎಂದು ಅವನು.

ಜಿಲೇಬಿಯ ಕಾಗದ ಹಿಡಿದುಕೊಂಡೇ ಅವನು ಇಂಕಾ ಜನರ ಕಲ್ಲುಗಳ ಬಗ್ಗೆ ಹೇಳುತ್ತಿದ್ದ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಒಂದು ಕಲ್ಲು ಇನ್ನೊಂದಕ್ಕೆ ಮೈಯೊಡ್ಡಿ ಕೂತಿದೆ. ಭೂಕಂಪವಾದಾಗ ಅಲುಗಿ, ಮತ್ತೆ ತಮ್ಮ ತಮ್ಮ ಜಾಗದಲ್ಲೇ ಕೂರುತ್ತವೆಯಂತೆ.

"ಮಾಚು ಪಿಚುಗೆ ರೈಲಿನಾಗೂ ಹೋಗಬಹುದು ರೀ. ಆದರ ದಾರಿಯೊಳಗ ವಿನ್ಯಾಯ್ ವೈನಾ ಅಂತ ಒಂದು ಹಳೇ ಇಂಕಾ ಊರದ. ಗುಡ್ಡದ ಬೆನ್ನಿಗೆ ಮೆಟ್ಟಲ ಮೆಟ್ಟಲ ಹೊಲ, ಮಂಜಿನಾಗ ತೇಲಿದಂಗ. ಅಲ್ಲಿಗೆ ಬಸ್ಸಿಲ್ಲ, ರೈಲಿಲ್ಲ. ನಡದವರಿಗೆ ಅಷ್ಟ. ಕಾಲೇಜಿನಾಗ ಒಂದು ಫೋಟೋ ನೋಡಿದ್ದೆ, ಆವಾಗಿಂದ ತಲಿಯೊಳಗ ಕೂತದ."

ಮಾತಾಡುವಾಗ ಅವನ ಬೆರಳುಗಳು ಗಾಳಿಯಲ್ಲಿ ಕಲ್ಲು ಜೋಡಿಸುತ್ತಿದ್ದವು. ಗೌತಮಿ ಕಲ್ಲಿನ ಕಥೆಗಿಂತ ಆ ಬೆರಳುಗಳನ್ನೇ ಹೆಚ್ಚು ನೋಡುತ್ತಿದ್ದಳು.

ಅವಳ ಅಮ್ಮ ವಸಂತಿಗೆ ಮಾತ್ರ ಇದೊಂದೂ ಹಿಡಿಸಿರಲಿಲ್ಲ. "ಕಲ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ?" ಎಂದು ಕುಂದಾಪುರದ ಮಾತಿನಲ್ಲಿ ಗೊಣಗುತ್ತಲೇ ಚಳಿಗೆಂದು ಸ್ವೆಟರ್ ಹೆಣೆಯುತ್ತಿದ್ದಳು.

ಗೌತಮಿಗೆ ದೂರವೇ ಬೇಕಿತ್ತು. ವಿಶಾಲನೊಂದಿಗಿನ ಮದುವೆ ಮುರಿದು ಬಹಳ ದಿನ ಆಗಿರಲಿಲ್ಲ. ವಿಶಾಲ ಹೊಡೆದವನಲ್ಲ, ಕುಡಿದವನಲ್ಲ. ಅವಳ ಫಿಸಿಯೋಥೆರಪಿ ಕೆಲಸಕ್ಕಾಗಿ ಸಿಂಗಾಪುರದ ದೊಡ್ಡ ಹುದ್ದೆಯೊಂದನ್ನು ಬಿಟ್ಟುಕೊಟ್ಟಿದ್ದ. ಬಿಡು ಎಂದು ಅವಳು ಕೇಳಿರಲಿಲ್ಲ. "ನನಗೇನೂ ಬೇಜಾರಿಲ್ಲ" ಎಂದಿದ್ದ. ಆಮೇಲೆ ಸಾರಿಗೆ ಉಪ್ಪು ಕಡಿಮೆಯಾದಾಗ, ಅವಳು ಬರುವುದು ತಡವಾದಾಗ, ಮಳೆ ಬಂದಾಗಲೂ, ಸಿಂಗಾಪುರ ಅವರ ಊಟದ ಮೇಜಿಗೆ ಬಂದು ಕೂರುತ್ತಿತ್ತು.

ಕಾರು ತಂದಿರದ ಒಂದು ಸಂಜೆ ಇದನ್ನು ಕಶ್ಯಪನಿಗೆ ಹೇಳಿದಳು. ಅವನು ಸಮಾಧಾನ ಹೇಳಲಿಲ್ಲ. ಬಸ್ ಬರುವವರೆಗೂ ಪಕ್ಕದಲ್ಲೇ ನಿಂತಿದ್ದ. ಬಸ್ ಹತ್ತಿ ಕಿಟಕಿಯಿಂದ ನೋಡಿದರೆ ಇನ್ನೂ ಅಲ್ಲೇ ನಿಂತು ಅವಳತ್ತಲೇ ನೋಡುತ್ತಿದ್ದ. ಗೌತಮಿಗೆ ಗ್ರೀನ್‌ಫರ್ಡ್ ತಲುಪುವವರೆಗೂ ಎದೆಯೊಳಗೆ ಏನೋ ಬೆಚ್ಚಗಿತ್ತು.

*

ಸೆಪ್ಟೆಂಬರಿನಲ್ಲಿ ಪೆರುವಿನ ಬೆಟ್ಟಗಳ ನಡುವೆ ನಡಿಗೆ ಶುರುವಾಯಿತು. ಮೊದಲ ದಿನ ನದಿಯ ಪಕ್ಕದ ಸುಲಭ ದಾರಿ. ಕತ್ತಾಳೆಯ ಪೊದೆ, ಬಿಸಿಲು, ಎಲ್ಲರ ಹಾಡು. ಎರಡನೆಯ ದಿನ ದಾರಿ ಎದ್ದು ನಿಂತಿತು. ಹಳೆಯ ಕಲ್ಲುಮೆಟ್ಟಿಲುಗಳು ಮೋಡದೊಳಗೆ ಹೋಗಿ ಮಾಯವಾಗುತ್ತಿದ್ದವು. ಮೇಲೆ, ಮಲಗಿದ ಹೆಂಗಸಿನಂತೆ ಕಾಣುವ ಬೆಟ್ಟದ ಏಣು. ಅದನ್ನು ದಾಟಿದರೆ ಆಚೆಗೆ ಇಂಕಾ ಊರುಗಳು.

ಗೌತಮಿಗೆ ಬೆಳಗಿನಿಂದಲೇ ತಲೆ ಸಿಡಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಂತಿಯಾಯಿತು. ನಿಂತ ಮೆಟ್ಟಿಲು ದೋಣಿಯಂತೆ ತೂಗಿತು. ಚಂದ್ರಿಕಾ ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ ನೋಡಿ ಗೈಡ್‌ನತ್ತ ತಿರುಗಿದರು. ಇಬ್ಬರೂ ತಲೆಯಾಡಿಸಿದರು.

"ಎತ್ತರ ನಿನಗೆ ಆಗ್ತಿಲ್ಲ ಕಣಮ್ಮ. ಇನ್ನು ಒಂದು ಹೆಜ್ಜೇನೂ ಮೇಲೆ ಬೇಡ. ಅಸಿಸ್ಟೆಂಟ್ ಗೈಡ್ ಕರ್ಕೊಂಡು ಇಳೀತಾನೆ. ಕೆಳಗಿನ ಊರಲ್ಲಿ ರೆಸ್ಟ್ ತಗೋ. ಹುಷಾರಾದ್ರೆ ರೈಲಲ್ಲಿ ಬಂದು ಮಾಚು ಪಿಚುನಲ್ಲಿ ನಮ್ಮನ್ನ ಸೇರ್ಕೋ."

ಗೌತಮಿ ಅತ್ತಳು. ಅಳುವುದಕ್ಕೂ ಉಸಿರು ಸಾಲಲಿಲ್ಲ.

ಆಗ ಕಶ್ಯಪ್ ಒಂದು ಬಂಡೆಯ ಮೇಲೆ ಕೂತು ಮೊಣಕಾಲು ಹಿಡಿದುಕೊಂಡ. "ನನಗೂ ಆಗೂದಿಲ್ಲ ರೀ. ಮೊಣಕಾಲು ಭಾಳ ನೋಯ್ತದ. ನಾನೂ ಇಳೀತೀನಿ."

ಇಳಿಜಾರಿನಲ್ಲಿ ಅವನು ಅವಳ ಚೀಲವನ್ನೂ ಹೊತ್ತ. ಜಾರುವ ಕಡೆ ಮುಂದೆ ನಿಂತು ಭುಜ ಕೊಟ್ಟ. ಕೆಳಗಿಳಿದಂತೆ ಅವಳ ತಲೆ ತಿಳಿಯಾಗತೊಡಗಿತು, ಕಣ್ಣುಗಳು ಕೆಲಸ ಮಾಡತೊಡಗಿದವು. ದಿನವಿಡೀ ಜನರ ಮೊಣಕಾಲು ನೋಡುವುದೇ ಅವಳ ಉದ್ಯೋಗ. ನೋಯುವ ಕಾಲು ಹೀಗೆ ಮೆಟ್ಟಿಲಿಳಿಯುವುದಿಲ್ಲ. ಎರಡು ಚೀಲ ಹೊತ್ತು, ಮೇಕೆಮರಿಯ ಹಾಗಂತೂ ಇಳಿಯುವುದೇ ಇಲ್ಲ.

ಮರುದಿನ ಕೆಳಗಿನ ಊರಿನ ವಸತಿಗೃಹದ ಅಂಗಳದಲ್ಲಿ, ಕೋಕಾ ಎಲೆಯ ಚಹಾ ತಣ್ಣಗಾಗುತ್ತಿದ್ದಾಗ, ಕೇಳಿದಳು.

"ಯಾವ ಕಾಲು ನಿಮಗೆ ನೋಯುವುದು?"

"ಬಲಗಾಲು."

"ನಿನ್ನೆ ಹಿಡ್ಕೊಂಡು ಕೂತದ್ದು ಎಡಗಾಲು."

ಅವನು ಗೋಡೆಯತ್ತ ನೋಡಿದ. ಸಿಕ್ಕಿಬಿದ್ದ ಹುಡುಗನ ಮುಖ. ಇನ್ನಾವ ಹೊತ್ತಾಗಿದ್ದರೂ ಅವಳು ನಗುತ್ತಿದ್ದಳೇನೋ.

"ನೀವೊಬ್ಬರ ಇಳೀಬಾರದು ಅನ್ನಿಸ್ತು ಗೌತಮಿ. ಅಷ್ಟ."

"ವಿನ್ಯಾಯ್ ವೈನಾ? ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡದ್ದು?"

"ಹೋಗ್ಲಿ ಬಿಡ್ರಿ. ನನಗೇನೂ ಬ್ಯಾಸರಿಲ್ಲ."

ಆ ಮಾತು ಅವಳ ಮೈಮೇಲೆ ತಣ್ಣೀರಿನಂತೆ ಬಿತ್ತು. ಎದ್ದು ನಿಂತಳು.

"ಬಿಡಿ ಅಂತ ನಾನು ಹೇಳಿದೆನಾ? ನನ್ನನ್ನು ಕೇಳಿದ್ರಾ ನೀವು? ಗೈಡ್ ಇದ್ದ, ನಾನು ಇಳೀತಿದ್ದೆ. ನೀವು ಹೋಗಬೇಕಿತ್ತು, ನೋಡಬೇಕಿತ್ತು, ಬಂದು ನನಗೆ ಹೇಳಬೇಕಿತ್ತು. ಈಗ ಏನಾಯ್ತು ಗೊತ್ತುಂಟಾ? ನಿಮ್ಮ ಮುಖ ನೋಡಿದಾಗಲೆಲ್ಲ ನನಗೆ ಆ ಬೆಟ್ಟ ನೆನಪಾಗ್ತದೆ. ಇನ್ನೊಂದು ಸಿಂಗಾಪುರ ಹೊರಲಿಕ್ಕೆ ನನ್ನ ಕೈಲಾಗುವುದಿಲ್ಲ."

ಕಶ್ಯಪ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಕೂತೇ ಇದ್ದ.

ರೈಲಿನಲ್ಲಿ ಇಬ್ಬರೂ ಬೇರೆ ಬೇರೆ ಬೋಗಿಯಲ್ಲಿ ಕೂತರು. ಮಾಚು ಪಿಚುನಲ್ಲಿ ಮಂಜು ಸರಿದು, ಬಿಸಿಲು ಕಲ್ಲಿಂದ ಕಲ್ಲಿಗೆ ಇಳಿದು, ಇಡೀ ಊರು ಕಣ್ಣ ಮುಂದೆ ನಿಧಾನವಾಗಿ ಎದ್ದು ಬಂತು. ಅಷ್ಟು ಚೆಲುವನ್ನು ಗೌತಮಿ ಎಂದೂ ಕಂಡಿರಲಿಲ್ಲ. ಪಕ್ಕದಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ದೂರದಲ್ಲಿ ಕಶ್ಯಪ್ ಒಂದು ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ.

*

ಲಂಡನ್ನಿಗೆ ಮರಳಿದ ಮೇಲೆ ಅವನಿಂದ ಒಂದೇ ಮೆಸೇಜ್ ಬಂತು. "ನೀವು ಬೈದದ್ದು ಸರಿ ಇತ್ತು." ಅವಳು ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಳಿಸಲಿಲ್ಲ. ಭಾನುವಾರಗಳು ವಿಪರೀತ ಉದ್ದವಾದವು. ಸೌತ್‌ಹಾಲಿನಿಂದ ತರಕಾರಿ ತರುವಾಗ ಜಿಲೇಬಿ ಅಂಗಡಿಯ ಎದುರಿನ ಫುಟ್‌ಪಾತ್ ಬಿಟ್ಟು ಆಚೆ ಬದಿಯಲ್ಲಿ ನಡೆದಳು.

ಅಕ್ಟೋಬರಿನ ಕೊನೆಗೆ ಚಂದ್ರಿಕಾ ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದರು. ಬಿಸಿಬೇಳೆಭಾತ್ ಆದ ಮೇಲೆ ದೊಡ್ಡ ಟಿವಿಯಲ್ಲಿ ಟ್ರೆಕ್ಕಿನ ಫೋಟೋಗಳು. ಗೌತಮಿ ಸೋಫಾದ ಒಂದು ತುದಿಯಲ್ಲಿ, ಕಶ್ಯಪ್ ಬಾಗಿಲ ಬಳಿ.

ಮಂಜಿನಲ್ಲಿ ತೇಲುವ ಮೆಟ್ಟಿಲು ಹೊಲಗಳ ಫೋಟೋ ಬಂತು. ಯಾರೂ ಹೆಸರು ಹೇಳಬೇಕಿರಲಿಲ್ಲ. ಕಶ್ಯಪ್ ತನಗೇ ಅರಿವಿಲ್ಲದೆ ಮುಂದೆ ಬಂದ. ತುಟಿ ಸ್ವಲ್ಪ ತೆರೆದಿತ್ತು. ಬೆರಳು ಮೆಲ್ಲನೆ ಗಾಳಿಯಲ್ಲಿ ಆ ಮೆಟ್ಟಿಲುಗಳನ್ನು ಹತ್ತುತ್ತಿತ್ತು. ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ನೋಡುವುದು ನೆನಪೇ ಆಗಲಿಲ್ಲ ಎಂಬಂತೆ ಫೋಟೋದೊಳಗೇ ಇದ್ದ.

ಜೊತೆಗೆ ನಡೆದವರಲ್ಲೊಬ್ಬರಾದ ಶೇಷಾದ್ರಿ ಲೊಚಗುಟ್ಟಿದರು. "ಪಾಪ ಕಣ್ರೀ ಕಶ್ಯಪ್. ಮೊಣಕಾಲು ನೋವು ಬರೀ ನೆಪ ಅಂತ ನಮಗೆ ಗೊತ್ತಿಲ್ವಾ? ಗೌತಮಿಯವರಿಂದ ನಿಮಗೆ ಇದೆಲ್ಲ ತಪ್ಪಿಹೋಯ್ತು."

ಗೌತಮಿ ಸೋಫಾದ ಅಂಚಿಗೆ ಸರಿದಳು. ಈಗ ಬೇಜಾರಿಲ್ಲ ಎನ್ನುತ್ತಾನೆ, ನಗುತ್ತಲೇ ಎನ್ನುತ್ತಾನೆ. ಎಲ್ಲ ಶುರುವಾಗುವುದು ಹೀಗೆಯೇ.

"ಅವರಿಂದ ಅಲ್ಲ ರೀ," ಕಶ್ಯಪ್ ಹೇಳಿದ. "ಅವರು ನನ್ನ ಕರದೇ ಇಲ್ಲ. ಮೊಣಕಾಲಿಗೂ ಏನೂ ಆಗಿದ್ದಿಲ್ಲ, ಸುಳ್ಳು ಹೇಳಿದ್ದೆ. ಒಂದು ಮಾತು ಅವರನ್ನ ಕೇಳದ ನಾನ ಇಳದೆ. ಕೇಳಿದ್ದರ, ಹೋಗ್ರಿ ಅಂತಿದ್ದರು. ಅದಕ್ಕ ಕೇಳಲಿಲ್ಲ. ತಪ್ಪು ನಂದು."

ಎಲ್ಲರೂ ನಕ್ಕರು. ಚಂದ್ರಿಕಾ ನಗಲಿಲ್ಲ. ಗೌತಮಿಯ ಮುಖ ನೋಡಿ, ಸುಮ್ಮನೆ ಮುಂದಿನ ಫೋಟೋ ಹಾಕಿದರು.

*

ಹೊರಗೆ ಚಳಿಯ ಬಿಸಿಲು. ಕಶ್ಯಪ್ ಸ್ಟೇಷನ್ನಿನತ್ತ ಹೊರಟಿದ್ದ. ಗೌತಮಿ ಕಾರಿನ ಗಾಜಿಳಿಸಿ, "ಕೂತ್ಕೊಳ್ಳಿ" ಎಂದಳು.

ಅವನು ಕೂತ. ಅವಳು ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗ್ ಮೇಲೆ ಗ್ಲೌಸ್ ಹಾಕಿದ ಕೈಗಳನ್ನಿಟ್ಟು, ಎದುರಿನ ಬೇಲಿಯನ್ನು ನೋಡುತ್ತಲೇ ಕೇಳಿದಳು.

"ಸತ್ಯ ಹೇಳಿ. ಬೇಜಾರು ಉಂಟಾ, ಇಲ್ವಾ?"

ಇಲ್ಲ ಎಂದರೆ ಅವನನ್ನು ಸ್ಟೇಷನ್ನಿಗೆ ಬಿಟ್ಟು ಮನೆಗೆ ಹೋಗಿಬಿಡುವುದೆಂದು ಅವಳು ಮನಸ್ಸು ಮಾಡಿದ್ದಳು.

"ಅದ ರೀ," ಎಂದ ಕಶ್ಯಪ್. "ಭಾಳ ಅದ. ಆ ಫೋಟೋ ನೋಡಿ ಹೊಟ್ಟಿ ಉರೀತು. ಶೇಷಾದ್ರಿಯವರು ಅದರ ಮುಂದ ನಿಂತು ಬಾಳೆಹಣ್ಣು ತಿನ್ನಲಿಕ್ಕೆ ಹತ್ತಿದ್ದರಲ್ಲ, ಎದ್ದು ಹೋಗಿ ಕಸಗೋಬೇಕು ಅನ್ನಿಸ್ತು."

ಗೌತಮಿ ನಕ್ಕಳು. ವಾರಗಳಿಂದ ಕಟ್ಟಿಕೊಂಡಿದ್ದ ಉಸಿರು ಆ ನಗುವಿನೊಂದಿಗೆ ಹೊರಬಂತು. ಕಣ್ಣಲ್ಲೂ ನೀರು.

"ಬರೋ ವರ್ಷ ನಾ ಮತ್ತ ಹೋಗಾಂವ ಇದ್ದೀನಿ," ಅವನು ಮೆಲ್ಲಗೆ ಹೇಳಿದ. "ನೀವು ಬಂದರೂ ಹೋಗ್ತೀನಿ, ಬರದಿದ್ದರೂ ಹೋಗ್ತೀನಿ. ನಿಮ್ಮ ತಲಿ ಮ್ಯಾಲ ಅದನ್ನ ಹೊರಸೂದಿಲ್ಲ. ಆದರ ಬಂದರ ಚಲೋ ಅನ್ನಿಸ್ತದ. ನೀವಿಲ್ಲದ ನಡದರ ಎಷ್ಟು ದೂರ ನಡದರೂ ಬರೇ ದಾರಿ ಅದು."

"ಬಂದು, ಅರ್ಧದಲ್ಲಿ ಮತ್ತೆ ನಾನು ಬಿದ್ದರೆ?"

"ಕೇಳ್ತೀನಿ. ಹೋಗ್ರಿ ಅಂದರ ಹೋಗ್ತೀನಿ. ಇರ್ರಿ ಅಂದರ ಇರ್ತೀನಿ."

ಬೀದಿಯಲ್ಲಿ ಯಾರೋ ನಾಯಿಯನ್ನು ಕರೆದುಕೊಂಡು ಹೋದರು. ಮೇಪಲ್ ಎಲೆಯೊಂದು ಗಾಜಿನ ಮೇಲೆ ಬಿತ್ತು, ಜಾರಿತು.

"ಹೋಗಿ ಅಂತೇನೆ," ಗೌತಮಿ ಹೇಳಿದಳು. "ಬೆಟ್ಟದಲ್ಲಿ ಹೋಗಿ ಅಂತಲೇ ಹೇಳ್ತೇನೆ. ಪೂರ್ತಿ ನೋಡಿ, ಬಂದು ನನಗೆ ಹೇಳಬೇಕು, ಒಂದು ಕಲ್ಲೂ ಬಿಡದೆ." ಸ್ವರ ಸಣ್ಣದಾಯಿತು. "ಇಲ್ಲಿ ಮಾತ್ರ ಇರಿ ಅಂತೇನೆ. ಲಂಡನ್ನಿನಲ್ಲಿ. ನನ್ನ ಹತ್ತಿರ."

ಕಶ್ಯಪನ ಕಿವಿ ಕೆಂಪಾಯಿತು. ಸೀಟ್ ಬೆಲ್ಟನ್ನು ಹಾಕಲು ಹೋಗಿ, ಕೊಂಡಿ ಸಿಗದೆ, ಹಾಗೇ ಕೈಯಲ್ಲಿ ಹಿಡಿದುಕೊಂಡ.

"ಗೌತಮಿ, ಒಂದು ಕೇಳಲೇನು?"

"ಕೇಳಿ ಮಾರಾಯ್ರೆ."

"ಕೈ ಹಿಡೀಲೇನು?"

ಅವಳು ಎಡಗೈಯ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ತೆಗೆದಳು. ತಣ್ಣಗಿದ್ದ ಬರಿಗೈಯನ್ನು ಇಬ್ಬರ ನಡುವೆ, ಅಂಗೈ ಮೇಲಾಗಿ, ಇಟ್ಟಳು.