ರಟ್ಟಿನ ತಟ್ಟೆಗಳು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ದೂರುದಾರರು ಮಾತಾಡುವ ಮೊದಲೇ ಮೇಜಿನ ಮೇಲೆ ಒಂದು ಗ್ರಾಮಫೋನ್ ರೆಕಾರ್ಡಿನ ಕವರ್ ಇಟ್ಟರು. ಇನ್ಸ್‌ಪೆಕ್ಟರ್ ಅದನ್ನು ಓರೆ ಮಾಡಿದಾಗ ಜಾರಿ ಬಿದ್ದದ್ದು ರೆಕಾರ್ಡಲ್ಲ, ದುಂಡಗೆ ಕತ್ತರಿಸಿದ ರಟ್ಟು.

“ಇಂಥವು ಎಷ್ಟಿವೆ?”

“ಇಪ್ಪತ್ತರ ಮೇಲಾಯ್ತು. ಇನ್ನೂ ಪೂರ್ತಿ ನೋಡಿಲ್ಲ ಮೇಡಂ. ನೋಡೋಕೆ ಧೈರ್ಯ ಸಾಲ್ತಿಲ್ಲ.”

ಅವರು ಹಡಗಿನಲ್ಲಿ ರೇಡಿಯೊ ಆಪರೇಟರ್ ಆಗಿದ್ದು ನಿವೃತ್ತರಾದವರು. ಒಂದು ದಿನವೂ ಹಡಗು ನಡೆಸಿದವರಲ್ಲ, ಆದರೂ ಬೀದಿಯವರ ಬಾಯಲ್ಲಿ ‘ಕ್ಯಾಪ್ಟನ್’. ತಿದ್ದಿ ತಿದ್ದಿ ಸಾಕಾಗಿ ಈಗ ಅವರೇ ಹಾಗೆ ಸಹಿ ಹಾಕುವುದೊಂದು ಬಾಕಿ.

ಕಳವು ಎಂದು ಎಫ್ಐಆರ್ ದಾಖಲಾಯಿತು. ಬರೆದುಕೊಂಡವನು ಹೆಡ್ ಕಾನ್‌ಸ್ಟೆಬಲ್ ಮೀಸೆ. ಮೀಸೆ ಬೋಳಿಸಿ ವರ್ಷಗಳೇ ಕಳೆದಿದ್ದರೂ ಹೆಸರು ಮಾತ್ರ ಅವನ ಮುಖ ಬಿಟ್ಟಿರಲಿಲ್ಲ. ಜೀಪು ಹತ್ತುವಾಗ ಅವನು ಗೊಣಗಿದ: “ಹಳೇ ಪ್ಲೇಟು ಕದಿಯೋಕೂ ಜನ ಹುಟ್ಟಿಕೊಂಡ್ರಾ ಮೇಡಂ?”

ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲ ಬೀಗ ಸರಿಯಿತ್ತು, ಕಿಟಕಿಯ ಸರಳು ಅಲುಗಿರಲಿಲ್ಲ. ಒಳಕೋಣೆಯ ಮೂರು ಗೋಡೆಗಳ ತುಂಬ ನೆಲದಿಂದ ಸೂರಿನವರೆಗೆ ರೆಕಾರ್ಡುಗಳು. ನಾಲ್ಕನೆಯದು ಪಕ್ಕದ ಮನೆಗೂ ಇದಕ್ಕೂ ನಡುವಿನ ಗೋಡೆ. ಅದಕ್ಕೊರಗಿ ಪ್ಲೇಯರ್, ಎರಡು ದೊಡ್ಡ ಸ್ಪೀಕರ್, ಒಂದು ಕುರ್ಚಿ. ಅಷ್ಟು ದೊಡ್ಡ ಕೋಣೆಗೆ ಕುರ್ಚಿ ಒಂದೇ.

ಪಂಚರಾಗಿ ಕೆಳಗಿನ ಎಲೆಕ್ಟ್ರಿಷಿಯನ್ನನ್ನೂ ಬೇಕರಿಯವನನ್ನೂ ಕರೆಸಿ ಪಂಚನಾಮೆ ಶುರು ಮಾಡಿದರು. ಒಂದೊಂದೇ ಕವರ್ ತೆಗೆದು ಒಳಗಿರುವುದು ತಟ್ಟೆಯೋ ರಟ್ಟೋ ಎಂದು ನೋಡಬೇಕು. ಕ್ಯಾಪ್ಟನ್ ಅವನ್ನು ಜಾತಿವಾರು ಜೋಡಿಸಿರಲಿಲ್ಲ. ಯಾವ ಬಂದರಿನಲ್ಲಿ ಕೊಂಡದ್ದೋ ಆ ಬಂದರಿನ ಲೆಕ್ಕ. ಹಾಗಾಗಿ ಜಾಝ್ ಪಕ್ಕದಲ್ಲಿ ಚರ್ಚಿನ ಕೋರಸ್, ಅದಕ್ಕೊತ್ತಿಕೊಂಡು ಟ್ಯಾಂಗೊ, ಆಮೇಲೆ ಸಿನಿಮಾ ಹಾಡು, ಮೀನುಗಾರರ ಪದ, ಪಿಟೀಲು ವಾದನ, ಹಾಸ್ಯ ನಾಟಕ. ಒಂದರಲ್ಲಿ ಬರೀ ಹಕ್ಕಿಗಳ ಕೂಗು.

“ಇದನ್ನೂ ಕಾಸು ಕೊಟ್ಟು ಕೊಂಡ್ರಾ ಸರ್?” ಮೀಸೆ ಕೇಳಿದ.

“ಎರಡು ತಿಂಗಳು ನೀರು ಬಿಟ್ಟು ಬೇರೇನೂ ಕಾಣದೆ ಇದ್ದು ನೋಡಪ್ಪ. ನೀನೂ ಕೊಳ್ತೀಯ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಈ ಊರಿಗೆ ವರ್ಗವಾಗಿ ಬಂದಾಗಿನಿಂದ ಅವಳ ಕ್ವಾರ್ಟರ್ಸಿನಲ್ಲಿ ಟೀವಿ ಸುಮ್ಮನೆ ಓಡುತ್ತಿರುತ್ತದೆ. ಏನು ಬರುತ್ತಿದೆಯೆಂದು ಅವಳು ನೋಡಿದ್ದು ಕಡಿಮೆ.

ಕೆಲಸ ಮಧ್ಯಾಹ್ನ ದಾಟಿತು. ರಟ್ಟು ಸಿಕ್ಕ ಕವರ್‌ಗಳನ್ನು ನೆಲದ ಮೇಲೆ ಹರಡಿ ಅವಳು ಕೇಳಿದಳು, “ಇದರಲ್ಲಿ ಬೆಲೆಬಾಳೋದು ಯಾವುದು?”

“ಯಾವುದೂ ಅಲ್ಲ. ನಿಜವಾಗಿ ಬೆಲೆ ಇರೋದು ಮೇಲಿನ ಸಾಲಲ್ಲಿದೆ, ಅದನ್ನ ಮುಟ್ಟೇ ಇಲ್ಲ. ಹೋಗಿರೋದೆಲ್ಲ ಸವೆದು ಕರಕರ ಅನ್ನೋವು. ಸಂಜೆ ಹೊತ್ತು ನಾನೂ ನಮ್ಮೋಳೂ ಹಾಕಿಕೊಳ್ತಿದ್ದವು.”

“ಸಂಜೆ ಕೇಳೋಕೆ ಯಾರ್ಯಾರು ಬರ್ತಿದ್ರು?”

“ಯಾರೂ ಇಲ್ಲ.” ಮನೆ ನಂಬರು ಹೇಳುವ ಹಾಗೆ ಹೇಳಿದರು.

“ಈಗಲೂ ಹಾಕ್ತೀರಾ?”

ಅವರು ಕುರ್ಚಿಯ ಮೇಲಿದ್ದ ಹೆಡ್‌ಫೋನ್ ತೋರಿಸಿದರು. “ಹೋದ ವರ್ಷ ಅವಳು ತೀರಿಕೊಂಡ ಮೇಲೆ ಇದರಲ್ಲೇ. ಖಾಲಿ ಮನೇಲಿ ಜೋರಾಗಿ ಹಾಕಿದ್ರೆ ಹಾಡು ತಿರುಗಿ ನನ್ನ ಮೇಲೇ ಬೀಳುತ್ತೆ ಮೇಡಂ.”

ಇನ್ಸ್‌ಪೆಕ್ಟರ್ ಒಂದು ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚನ್ನು ಎಲ್ಲೂ ತಡವರಿಸದೆ ಒಂದೇ ಓಟದಲ್ಲಿ ಕತ್ತರಿಸಿದ್ದರು. ಅಂಚಿನಗುಂಟ ಮಾಸಿದ ನೀಲಿ ಗೆರೆ, ಬೆರಳಲ್ಲಿ ಉಜ್ಜಿದರೆ ಪುಡಿ. ಸಮವಸ್ತ್ರ ಬಿಗಿ ಮಾಡಿಸಲು ಕೊಟ್ಟಾಗ ಭುಜದ ಮೇಲೆ ಇದೇ ಗೆರೆ ಎಳೆದಿದ್ದರು. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ.

“ನಿಮ್ಮನೆ ಇನ್ನೊಂದು ಕೀ ಯಾರ ಹತ್ರ ಇದೆ?”

“ಅವಳನ್ನ ಆಸ್ಪತ್ರೆಗೆ ಸೇರಿಸಿದಾಗ ಗಿಡಕ್ಕೆ ನೀರು ಹಾಕಲಿ ಅಂತ ಪಕ್ಕದ ಮನೆಯವರಿಗೆ ಕೊಟ್ಟಿದ್ದೆ. ವಾಪಸ್ ಇಸ್ಕೊಳ್ಳೋದು ಮರೆತೇ ಹೋಯ್ತು.”

“ಅವರೇನು ಮಾಡ್ತಾರೆ?”

“ಬಟ್ಟೆ ಹೊಲೀತಾರೆ.” ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಇಳಿದುಹೋಯಿತು. “ಛೆ ಛೆ. ಅವರಲ್ಲ ಬಿಡಿ. ತುಂಬ ಮರ್ಯಾದಸ್ಥರು. ಆ ಕೀ ಕೊಟ್ಟಿದ್ದು ಬಿಟ್ರೆ ನಾವು ಮಾತೇ ಆಡಿಲ್ಲ.”

ಪಕ್ಕದ ಮನೆಯ ಬಾಗಿಲು ತೆರೆದ ಹೆಂಗಸಿಗೆ ಐವತ್ತೈದರ ಮೇಲಿರಬಹುದು. ಕೊರಳಲ್ಲಿ ಅಳತೆ ಟೇಪು. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ. ಬದಿಗೆ ಸರಿದು ದಾರಿ ಬಿಟ್ಟಳು. ಹೊಲಿಗೆ ಯಂತ್ರವನ್ನು ಬೆಳಕಿರುವ ಕಿಟಕಿಯ ಬಳಿ ಇಡದೆ, ಮೂಲೆಯ ಕತ್ತಲಲ್ಲಿ ಆ ನಡುಗೋಡೆಗೆ ಒತ್ತಿ ಇಟ್ಟಿದ್ದಳು. ಪಕ್ಕದ ಸ್ಟೂಲಿನ ಮೇಲೆ ಗುಜರಿಯಿಂದ ತಂದಂಥ ಪ್ಲೇಯರ್. ಹಾಸಿದ ಬಿಳಿ ಬಟ್ಟೆಯ ಮೇಲೆ ರೆಕಾರ್ಡುಗಳು, ಒಂದೊಂದಕ್ಕೂ ಅವಳೇ ಹೊಲಿದ ಮೆತ್ತನೆಯ ಚೀಲ.

“ಇದನ್ನೆಲ್ಲ ತಂದಿದ್ದು ನೀವೇನಾ?”

“ಹೌದು.”

“ಮಾರೋಕಾ?”

“ಅಯ್ಯೋ ಇಲ್ಲಮ್ಮ.”

“ಮತ್ತೆ?”

ಅವಳು ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು. “ಹನ್ನೆರಡು ವರ್ಷ ಅವರ ಹಾಡು ಕೇಳ್ಕೊಂಡೇ ಹೊಲಿದಿದೀನಿ. ಭಾಷೆ ಒಂದೂ ತಿಳಿಯಲ್ಲ. ಆದ್ರೂ ಇದಾದ್ಮೇಲೆ ಇದು ಬರುತ್ತೆ ಅಂತ ಕೈಗೆ ಗೊತ್ತಿರೋದು. ಆ ನಾಟಕದ್ದು ಹಾಕಿದಾಗ ಆ ಕಡೆ ಅವರಿಬ್ಬರೂ ನಗೋರು, ಈ ಕಡೆ ನಾನೂ ನಗ್ತಿದ್ದೆ. ಆಮೇಲೆ ಆಯಮ್ಮ ಹೋದ್ರು. ದುಃಖ ಆರಲಿ, ಮತ್ತೆ ಹಾಕ್ತಾರೆ ಅಂತ ಕಾದೆ. ಒಂದಿನ ಹಾಲು ತಗೊಳ್ಳೋಕೆ ಅವರು ಬಾಗಿಲು ತೆಗೆದಾಗ ನೋಡಿದ್ರೆ, ಕಿವಿಗೆ ಅದನ್ನ ಹಾಕ್ಕೊಂಡಿದಾರೆ. ಇನ್ನು ಬರಲ್ಲ ಅಂತ ಗೊತ್ತಾಯ್ತು. ಅವರು ಹೊರಗೆ ಹೋದಾಗೆಲ್ಲ ಒಂದೊಂದಾಗಿ ತಂದೆ.”

“ಅಲ್ಲಮ್ಮ, ಒಂದು ಮಾತು ಕೇಳಬಹುದಿತ್ತಲ್ಲ?” ಮೀಸೆ ತಡೆಯಲಾಗದೆ ಅಂದ.

“ಏನಂತ ಕೇಳಲಿ? ನಿಮ್ಮ ಗೋಡೆಗೆ ಕಿವಿ ಕೊಟ್ಟು ಕೂತಿರ್ತೀನಿ, ಸ್ವಲ್ಪ ಜೋರಾಗಿ ಹಾಕಿ ಅಂತಾನಾ? ಒಂಟಿ ಹೆಂಗಸು, ಹೆಂಡ್ತಿ ಸತ್ತಿರೋ ಗಂಡಸಿನ ಹತ್ರ?”

“ಇಲ್ಲಿ ಹಾಕಿದ್ರೆ ಅವರಿಗೆ ಕೇಳಿಸ್ತಿರಲಿಲ್ವಾ?” ಇನ್ಸ್‌ಪೆಕ್ಟರ್ ಕೇಳಿದಳು.

“ಇಲ್ಲ. ಅವರ ಕಿವಿ ಮುಚ್ಚಿರುತ್ತಲ್ಲ.”

ಅದೇ ಪಂಚರ ಸಮಕ್ಷಮ ರೆಕಾರ್ಡು, ಕೀ, ಉಳಿದ ರಟ್ಟಿನ ಹಾಳೆಗಳನ್ನು ವಶಕ್ಕೆ ಪಡೆದರು. ಅವಳು ಯಂತ್ರಕ್ಕೆ ಬಟ್ಟೆ ಹೊದಿಸಿ, ಅರ್ಧ ಹೊಲಿದಿದ್ದ ಲಂಗವನ್ನು ಮಡಿಸಿಟ್ಟು ಹೊರಟಳು. ಮೆಟ್ಟಿಲ ಬಳಿ ಕ್ಯಾಪ್ಟನ್ ನಿಂತಿದ್ದರು. ಯಾರೂ ಯಾರನ್ನೂ ನೋಡಲಿಲ್ಲ.

ಠಾಣೆಯಲ್ಲಿ ಆರೋಪಿಯ ಹೇಳಿಕೆ ದಾಖಲಾಯಿತು. ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ಇನ್ಸ್‌ಪೆಕ್ಟರ್ ತಾನೇ ಒಂದು ಸಾಲು ಸೇರಿಸಿದಳು. ಅದಕ್ಕಿಂತ ಹೆಚ್ಚು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ದಸ್ತಗಿರಿ ಪತ್ರದಲ್ಲಿ ಒಂದು ವಿವರ ಮಾತ್ರ ಬಾಕಿ ಉಳಿಯಿತು.

“ನಿಮ್ಮನ್ನ ಹಿಡಿದಿರೋ ವಿಷಯ ಯಾರಿಗಾದ್ರೂ ತಿಳಿಸಬೇಕು. ಕಾನೂನು,” ಮೀಸೆ ಹೇಳಿದ. “ಅಣ್ಣ ತಮ್ಮ, ಅಕ್ಕನ ಮಕ್ಕಳು, ಯಾರಾದ್ರೂ ಪರವಾಗಿಲ್ಲ.”

ಅವಳು ಬಹಳ ಹೊತ್ತು ಯೋಚಿಸಿದಳು.

“ಪಕ್ಕದ ಮನೆಯವರಿಗೆ ಹೇಳಿ.”

“ಅವರೇ ಅಲ್ವೇನಮ್ಮ ದೂರು ಕೊಟ್ಟಿರೋದು?”

“ನನಗೆ ಬೇರೆ ಯಾರು ಗೊತ್ತಪ್ಪ?”

ಮೀಸೆ ತಲೆಯೆತ್ತಿ ಇನ್ಸ್‌ಪೆಕ್ಟರ್ ಕಡೆ ನೋಡಿದ. “ಬರ್ಕೊಳ್ಳಿ,” ಅಂದಳು ಅವಳು. ಕ್ಯಾಪ್ಟನ್‌ಗೆ ಫೋನನ್ನೂ ತಾನೇ ಮಾಡಿದಳು.

ಕ್ಯಾಪ್ಟನ್ ವಿಷಯವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅವರದ್ದು ಊಟ ಆಗಿದೆಯಾ?” ಎಂದು ಕೇಳಿದರು.