ಬೀಗಿತ್ತಿಯರ ಜೋಡಿ ಸೀರೆ

ಬಹಳ ಬಹಳ ಕಾಲದ ಹಿಂದೆ, ಏಳು ಬೆಟ್ಟಗಳ ಆಚೆ ಕೇತಕಿಪುರ ಎಂಬ ರಾಜ್ಯವಿತ್ತು. ಅಲ್ಲಿಯ ಬಣ್ಣದ ಕೇರಿಯಲ್ಲಿ ಮಾಳವ್ವ ಎಂಬ ವಿಧವೆ ಇದ್ದಳು. ಅರಮನೆಯ ನೂಲಿಗೆಲ್ಲ ಬಣ್ಣ ಹಾಕುತ್ತಿದ್ದವಳು ಅವಳೇ. ಕೈಗಳು ಮೊಣಕೈವರೆಗೆ ಕೆಂಪು, ಹಳದಿ, ಹಸಿರು. ಉಟ್ಟ ಸೀರೆ ಮಾತ್ರ ಬಿಳಿ. ಅವಳ ಒಬ್ಬಳೇ ಮಗಳು ಬಾಚಲೆ. ಬಾಚಲೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ದೇಶದ ಯುವರಾಜ ವಿಜಯಾಂಕ ಅವಳನ್ನು ಮೆಚ್ಚಿದ, ಅವಳೂ ಒಪ್ಪಿದಳು, ಮದುವೆ ಗೊತ್ತಾಯಿತು.

ಆ ರಾಜ್ಯದಲ್ಲಿ ಹಿರಿಯರು ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಧಾರೆಯ ದಿನ ಗಂಡಿನ ತಾಯಿ, ಹೆಣ್ಣಿನ ತಾಯಿ ಇಬ್ಬರೂ ಒಂದೇ ಮಗ್ಗದಲ್ಲಿ ನೇಯ್ದ ಜೋಡಿ ಸೀರೆ ಉಡಬೇಕು. ರಾಣಿಯಾಗಲಿ, ಕೂಲಿಯವಳಾಗಲಿ, ಆ ದಿನ ಬೀಗಿತ್ತಿಯರು ಸರಿಸಮ.

ಅರಮನೆಯ ಬಟ್ಟೆಬರೆಯ ಉಸ್ತುವಾರಿ ಕಾಳಾಂಜನ ಎಂಬವನದು. ಅವನು ಮಾಂತ್ರಿಕ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮದುವೆಗೆ ಏಳು ದಿನ ಇರುವಾಗ ಸೀರೆ ಆರಿಸಲು ಇಬ್ಬರು ತಾಯಂದಿರನ್ನೂ ಮದುಮಕ್ಕಳನ್ನೂ ಕರೆಸಿದರು. ಹಾಸಿದ್ದ ಸೀರೆಗಳಲ್ಲಿ ಮಾಳವ್ವ ಕೆಂಪಂಚಿನ ಹಸಿರು ಸೀರೆಯೊಂದನ್ನು ಮುಟ್ಟಿದಳು.

"ಇದರ ನೂಲಿಗೆ ನಾನೇ ಬಣ್ಣ ಹಾಕಿದ್ದು. ಇದಕ್ಕೆ ಜೋಡಿ ಇದೆಯೇ?" ಎಂದಳು.

ಕಾಳಾಂಜನ ಸೀರೆಯನ್ನು ಅವಳ ಕೈಯಿಂದ ಎಳೆದುಕೊಂಡ. "ವಿಧವೆಗೆ ಬಣ್ಣದ ಸೀರೆಯೇ? ನಿನಗೆ ಬೇರೆ ತೆಗೆದಿಟ್ಟಿದ್ದೇನೆ." ಅವಳ ಮುಂದೆ ಬೂದಿಬಣ್ಣದ ಸೀರೆ ಇಟ್ಟ. ರಾಣಿ ಪದ್ಮಲದೇವಿಯ ಮಡಿಲಿಗೆ ಅಪ್ಪಟ ಚಿನ್ನದ ಜರಿಯ ಸೀರೆ ಇಟ್ಟ.

"ಅರಸರು ತೀರಿಹೋಗಿ ಎರಡು ವರ್ಷವಾಯಿತು. ರಾಣಿಯವರೂ ವಿಧವೆಯೇ ಅಲ್ಲವೇ?" ಎಂದು ಬಾಚಲೆ ಕೇಳಿದಳು.

"ರಾಣಿಯವರ ಮಾತು ಬೇರೆ," ಎಂದ ಕಾಳಾಂಜನ.

ಬಾಚಲೆ ರಾಣಿಯ ಮುಖ ನೋಡಿದಳು. ರಾಣಿ ತಲೆ ತಗ್ಗಿಸಿ ಜರಿಯ ಅಂಚು ಸವರುತ್ತಿದ್ದಳು. ವಿಜಯಾಂಕನ ಮುಖ ನೋಡಿದಳು. "ಪುರೋಹಿತರನ್ನು ಒಂದು ಮಾತು ಕೇಳೋಣ," ಎಂದ ಅವನು. ಬಾಚಲೆ ಕೋಪದಿಂದ ಅವನಿಗೆ ಬೆನ್ನು ತಿರುಗಿಸಿದಳು.

"ಇರಲಿ ಬಿಡು ಮಗಳೇ, ಯಾವುದಾದರೇನು," ಎಂದು ಮಾಳವ್ವ ಬೂದಿಬಣ್ಣದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡಳು. ಹಾಕಿಕೊಂಡದ್ದೇ ತಡ, ಮಾಯವಾದಳು. ರಾಣಿಯೂ ಅಷ್ಟರಲ್ಲಿ ತನ್ನ ಸೀರೆ ಹೊದ್ದಿದ್ದಳು. ಗಾಬರಿಯಿಂದ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಸೀರೆ ಕೀಳಲು ಹೋದಳು, ಅದು ಮೈಗೆ ಅಂಟಿಕೊಂಡಿತ್ತು.

"ಇನ್ನು ರಾಣಿಯವರ ಮಾತನ್ನೆಲ್ಲ ನಾನೇ ಆಡುತ್ತೇನೆ," ಎಂದ ಕಾಳಾಂಜನ. ವಿಜಯಾಂಕ ಕತ್ತಿ ಹಿರಿದ. ಕತ್ತಿ ನೂಲಿನ ಎಳೆಯಾಗಿ ನೆಲಕ್ಕೆ ಬಿತ್ತು.

ಬಾಚಲೆ ಮಾಂತ್ರಿಕನ ಎದುರು ನಿಂತಳು. "ಮಾಟಕ್ಕೆ ಮದ್ದೇನು, ಹೇಳು."

ಕೇಳಿದವರಿಗೆ ಮಾಂತ್ರಿಕ ಮದ್ದು ಹೇಳಲೇಬೇಕು, ಇಲ್ಲದಿದ್ದರೆ ಮಾಡಿದ ಮಾಟ ತಾನಾಗಿಯೇ ಮುರಿಯುತ್ತದೆ. ಕಾಳಾಂಜನ ಹಲ್ಲು ಕಡಿಯುತ್ತ ಹೇಳಿದ: "ಕೆಂಡದ ಬೆಟ್ಟದ ಗೂಳಿಯಿಂದ ಕೆಂಪು ಎಳೆ, ಮರಳುಗಾಡಿನ ಹದ್ದಿನಿಂದ ಹಳದಿ ಎಳೆ, ಪಾಚಿಕೊಳದ ಮೊಸಳೆಯಿಂದ ಹಸಿರು ಎಳೆ. ಮೂರನ್ನೂ ನೇಯ್ದು ಹೊದಿಸಿದರೆ ನನ್ನ ಸೀರೆ ಬೂದಿಯಾಗುತ್ತದೆ. ಧಾರೆಯ ಮುಹೂರ್ತ ಮೀರಿತೋ, ನಿಮ್ಮವ್ವ ಗಾಳಿಯ ಪಾಲು."

ಬಾಚಲೆ ಅಲ್ಲಿಂದಲೇ ಹೊರಟಳು.

ಕೆಂಡದ ಬೆಟ್ಟದಲ್ಲಿ ಗೂಳಿ ಉರಿ ಉಗುಳುತ್ತ ನುಗ್ಗಿ ಬಂತು. ಬಾಚಲೆ ಕದಲಲಿಲ್ಲ. ಗೂಳಿ ಅವಳ ಎದೆಯ ಮುಂದೆ ಬಂದು ನಿಂತಿತು.

"ನನ್ನನ್ನು ಕಂಡು ಓಡದವರೇ ಇಲ್ಲ. ನೀನೇಕೆ ಓಡಲಿಲ್ಲ?"

"ನನಗೆ ಪುರುಸೊತ್ತಿಲ್ಲ. ಬಾಲ ಈ ಕಡೆ ತಿರುಗಿಸು," ಎಂದಳು ಬಾಚಲೆ. ಗೂಳಿ ತಿರುಗಿಸಿತು. ಅವಳು ಕೆಂಪು ಎಳೆ ಕಿತ್ತುಕೊಂಡು ನಡೆದಳು.

ಮರಳುಗಾಡಿನಲ್ಲಿ ಹಳದಿ ಗರಿಯ ಮುದಿ ಹದ್ದೊಂದು ಬಂಡೆಯ ಮೇಲೆ ಕೂತಿತ್ತು. "ಎಳೆ ಯಾರಿಗೆ?" ಎಂದು ಕೇಳಿತು.

"ನಮ್ಮವ್ವನಿಗೆ."

"ವಿಧವೆಗೆ ಅರಿಶಿನದ ಬಣ್ಣ ಕೊಡುವುದಿಲ್ಲ."

"ನಿನ್ನ ಗಂಡ ಎಲ್ಲಿ?" ಎಂದು ಬಾಚಲೆ ಕೇಳಿದಳು.

ಹದ್ದು ರೆಕ್ಕೆ ಮುದುಡಿಕೊಂಡು, "ಬೇಟೆಗಾರನ ಬಾಣಕ್ಕೆ ಸತ್ತ," ಎಂದಿತು.

"ಆಮೇಲೆ ನಿನ್ನ ಗರಿ ಬೆಳ್ಳಗಾಯಿತೇ?"

ಹದ್ದು ಕೊಕ್ಕಿನಿಂದ ತನ್ನ ಗರಿಯೊಂದನ್ನು ಕಿತ್ತು ಅವಳ ಮುಂದಿಟ್ಟಿತು. ಗರಿ ಬಿಚ್ಚಿ ಹಳದಿ ಎಳೆಯಾಯಿತು.

ಪಾಚಿಕೊಳದ ಮೊಸಳೆ ಉರಿ ಉಗುಳಲಿಲ್ಲ, ಗದರಲಿಲ್ಲ. ಅಕ್ಕರೆಯಿಂದ ಮಾತಾಡಿತು.

"ಎಷ್ಟು ದಣಿದಿದ್ದೀಯೆ ತಾಯಿ. ನೀರು ಕುಡಿ, ಕೋಪ ಇಳಿಯುತ್ತದೆ. ಮದುಮಗಳು ನಗುನಗುತ್ತ ಇರಬೇಕಲ್ಲವೇ?"

ಬಾಚಲೆಗೆ ನಿಜಕ್ಕೂ ಬಾಯಾರಿತ್ತು. ಬೊಗಸೆಯಲ್ಲಿ ನೀರು ತುಂಬಿದಳು. ನೀರಿನಲ್ಲಿ ಅವಳ ಮದುವೆಯೇ ಕಂಡಿತು. ಮೈತುಂಬ ಒಡವೆ ಹೇರಿಕೊಂಡು ಅವಳು ನಗುತ್ತಿದ್ದಳು. ಪಕ್ಕದಲ್ಲಿ ಅವ್ವ ನಿಲ್ಲಬೇಕಾದ ಜಾಗ ಖಾಲಿ. ಅದು ಖಾಲಿ ಇದೆ ಎಂದು ಯಾರಿಗೂ ಅನಿಸಿರಲಿಲ್ಲ, ಅವಳಿಗೂ ಅನಿಸಿರಲಿಲ್ಲ.

ಬಾಚಲೆ ನೀರನ್ನು ಚೆಲ್ಲಿದಳು. "ಈ ಕೋಪ ಇಳಿದರೆ ಯಾಕೆ ಬಂದೆ ಎಂಬುದೇ ನನಗೆ ಮರೆತುಹೋಗುತ್ತದೆ. ನಾನು ಕುಡಿಯುವುದಿಲ್ಲ. ಎಳೆ ಕೊಡು."

"ನೂರು ಜನ ಬಂದಿದ್ದರು. ಎಲ್ಲರೂ ಕುಡಿದು, ನಗುತ್ತ ವಾಪಸ್ಸು ಹೋದರು," ಎಂದ ಮೊಸಳೆ ಬೆನ್ನನ್ನು ಅವಳ ಕಡೆ ತಿರುಗಿಸಿತು. ಅವಳು ಅದರ ಮೇಲಿನ ಹಸಿರು ಎಳೆ ತೆಗೆದುಕೊಂಡಳು.

ಊರಿಗೆ ಬಂದರೆ ನೇಕಾರರೆಲ್ಲ ಕಾಳಾಂಜನನಿಗೆ ಹೆದರಿ ಬಾಗಿಲು ಹಾಕಿಕೊಂಡರು. ಪಾಳುಬಿದ್ದ ಮನೆಯೊಂದರಲ್ಲಿ ಹಳೆಯ ಮಗ್ಗವಿತ್ತು. ವಿಜಯಾಂಕ ಅದರ ಧೂಳು ಒರೆಸಿ ಕಾಯುತ್ತಿದ್ದ.

"ಅವತ್ತು ನಾನು ಮಾತಾಡಬೇಕಿತ್ತು," ಎಂದ.

"ಹೌದು, ಮಾತಾಡಬೇಕಿತ್ತು. ಈಗ ಲಾಳಿ ಹಿಡಿ."

ಎಳೆಗಳು ಎಷ್ಟು ನೇಯ್ದರೂ ಮುಗಿಯಲಿಲ್ಲ. ಲಾಳಿ ತಳ್ಳಿ ತಳ್ಳಿ ಯುವರಾಜನ ಬೆರಳು ಒಡೆದು ರಕ್ತ ಬಂತು. ಬಾಚಲೆ ಸಾಕು ಎನ್ನಲಿಲ್ಲ. ಧಾರೆಯ ದಿನ ಬೆಳಿಗ್ಗೆ ಉದ್ದನೆಯ ಸೀರೆ ಮಗ್ಗದಿಂದ ಇಳಿಯಿತು. ಆಗ ಅವಳ ಕಿವಿಯ ಬಳಿ ಕಣ್ಣಿಗೆ ಕಾಣದ ಅವ್ವನ ಸಣ್ಣ ದನಿ ಕೇಳಿತು.

"ಎರಡು ಮಾಡು ಮಗಳೇ. ಬೀಗಿತ್ತಿಗೂ ಒಂದು."

"ಕಲ್ಲಿನ ಹಾಗೆ ಕೂತಿದ್ದಳಲ್ಲ ಅವ್ವ ಆಕೆ."

"ಕೂತಿದ್ದಳು. ಜೋಡಿ ಸೀರೆಯ ಪದ್ಧತಿಯನ್ನು ಕಾಳಾಂಜನ ಮುರಿದ. ನೀನೂ ಮುರಿಯುತ್ತೀಯಾ?"

ಬಾಚಲೆ ಹಲ್ಲು ಕಚ್ಚಿಕೊಂಡು ಸೀರೆಯನ್ನು ನಡುವೆ ಕತ್ತರಿಸಿದಳು.

ಮಂಟಪದಲ್ಲಿ ಕಾಳಾಂಜನ ಎದ್ದು ನಿಂತು, "ಮದುಮಗಳಿಗೆ ತಾಯಿ ಇಲ್ಲ. ಧಾರೆ ನಾನೇ ಎರೆಯಬೇಕೆಂದು ರಾಣಿಯವರ ಅಪ್ಪಣೆ," ಎಂದು ಸಾರುತ್ತಿದ್ದ. ಬಾಚಲೆ ಒಂದು ಸೀರೆಯನ್ನು ತನ್ನ ಪಕ್ಕದ ಗಾಳಿಗೆ ಹೊದಿಸಿದಳು. ಮಾಳವ್ವ ಕಾಣಿಸಿಕೊಂಡಳು. ಇನ್ನೊಂದನ್ನು ರಾಣಿಯ ಹೆಗಲಿಗೆ ಎಸೆದಳು. ಚಿನ್ನದ ಜರಿ ಉದುರಿ ಬೂದಿಯಾಯಿತು.

"ಬಾಯಿ ಇದ್ದಾಗ ಸುಮ್ಮನಿದ್ದೆ, ಅದು ನನ್ನ ತಪ್ಪು," ಎಂದಳು ರಾಣಿ ಪದ್ಮಲದೇವಿ. ದನಿ ಇಡೀ ಮಂಟಪಕ್ಕೆ ಕೇಳಿಸಿತು. "ಇವನಿಗೆ ನಾನು ಯಾವ ಅಪ್ಪಣೆಯನ್ನೂ ಕೊಟ್ಟಿಲ್ಲ. ಧಾರೆ ಎರೆಯುವವಳು ಹೆಣ್ಣಿನ ತಾಯಿ. ಇನ್ನು ಮುಂದೆ ಯಾವ ಹೆಂಗಸು ಯಾವ ಬಣ್ಣ ಉಡಬೇಕೆಂದು ಈ ರಾಜ್ಯದಲ್ಲಿ ಯಾರೂ ಹೇಳಕೂಡದು."

ಮಾಟ ಮುರಿದುಬಿದ್ದದ್ದೇ ಕಾಳಾಂಜನ ನೋಡನೋಡುತ್ತಿದ್ದಂತೆ ಕುಗ್ಗಿದ, ಬಟ್ಟೆ ತಿನ್ನುವ ನುಸಿಯಾದ, ಕಿಟಕಿಯಿಂದ ಹಾರಿಹೋದ.

ಮಾಳವ್ವ ಬಣ್ಣದ ಕೈಗಳಿಂದ ಧಾರೆ ಎರೆದಳು. ರಾಣಿಯ ಮೇಲೆ ಬಾಚಲೆಗಿದ್ದ ಕೋಪ ಒಂದೇ ದಿನಕ್ಕೆ ಇಳಿಯಲಿಲ್ಲ. ರಾಣಿ ದಿನವೂ ಬಣ್ಣದ ಕೇರಿಗೆ ಬಂದು ಬೀಗಿತ್ತಿಯ ಜೊತೆ ನೂಲು ಹಿಂಡಿದಳು. ಹದಿನೈದನೆಯ ದಿನ ಬಾಚಲೆ ಅಲ್ಲಿಗೆ ಬಂದು, "ಅತ್ತೆ, ಊಟಕ್ಕೆ ಏಳಿ," ಎಂದು ಕರೆದಳು. ಇಬ್ಬರು ಬೀಗಿತ್ತಿಯರೂ ಕೈ ತೊಳೆದು ಒಟ್ಟಿಗೆ ಉಂಡರು. ಆಮೇಲೆ ಆ ಎರಡೂ ಮನೆಗಳಲ್ಲಿ ಸುಖಕ್ಕೆ ಯಾವ ಕೊರತೆಯೂ ಆಗಲಿಲ್ಲ.